ನರರೋಗದವ್ರ ರಾತ್ರಿ ಉಸಿರು ನೋಡ್ರಿ: ಆರೋಗ್ಯ ಮಂತ್ರಿಗಳಿಗೂ ಬಾಗಲಕೋಟ ಜಿಲ್ಲಾ ಆಡಳಿತಕ್ಕೂ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ, ಬಾಗಲಕೋಟ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ, ಹಂಗ ರಬಕವಿ-ಬನಹಟ್ಟಿ, ಜಮಖಂಡಿ, ಮುಧೋಳ, ಗುಳೇದಗುಡ್ಡ, ಇಳಕಲ್ ಕಡೆ ಮನಿಯಾಗ ನರರೋಗದ ಪೇಷಂಟ್ ಇಟಗೊಂಡು ಒದ್ದಾಡಾಕತ್ತಿರೂ ಎಲ್ಲಾ ಮಂದಿಗೂ ನಮಸ್ಕಾರ್ರಿ.

ನಾನು ಬನಹಟ್ಟಿಯಾವ, ಮನಿಯಾಗ ಪವರ್‌ಲೂಮ್ ಅದಾವು. ನಮ್ಮ ಕಾಕಾಗ ಮೋಟಾರ್ ನ್ಯೂರಾನ್ ಡಿಸೀಸ್, ಎಂಎನ್‌ಡಿ ಅಂತಾರಲ್ರಿ, ಎಎಲ್‌ಎಸ್ ಅಂತನೂ ಕರೀತಾರ, ಸ್ನಾಯು ನಡಸೂ ನರಕೋಶ ಸಾಯೂ ರೋಗ, ಅದು ಐತಿ ಅಂತ ಗೊತ್ತಾದಾಗಿಂದ ಸಿಕ್ಕಿದ್ದು ಓದಿಕೋತ, ಸಿಕ್ಕ ಡಾಕ್ಟರ್‌ಗಳನ್ನ ಕೇಳಿಕೋತ ಬಂದೇನಿ. ನಿಮ್ಮ ಹತ್ರ ಕೇಳೂದು ಒಂದ ಮಾತು, ಅದನ್ನ ಮೊದಲ ಹೇಳಿಬಿಡ್ತೇನಿ. ನರ ಸವೆಯೂ ರೋಗ ಇರೂ ಪೇಷಂಟ್ ಜಿಲ್ಲಾ ಆಸ್ಪತ್ರಿಗೆ ಬಂದ್ರ ಅವ್ರ ರಾತ್ರಿ ಆಕ್ಸಿಜನ್ ಎಷ್ಟು ಇಳೀತೈತಿ, ಉಸಿರಿನ ಸ್ನಾಯುದಾಗ ತಾಕತ್ತು ಎಷ್ಟು ಉಳದೈತಿ ಅಂತ ನೋಡೂ ವ್ಯವಸ್ಥಾ ಇಲ್ಲೇ ಬಾಗಲಕೋಟಿ ಒಳಗ ಮಾಡ್ರಿ, ಮತ್ತ ಬೇಕಾದವ್ರಿಗೆ ಮನಿಗೆ ಒಯ್ಯಾಕ ಬೈಪ್ಯಾಪ್ ಮಷಿನ್, ಅಂದ್ರ ಮಾಸ್ಕಿನಿಂದ ಗಾಳಿ ಒತ್ತಿ ಉಸಿರಾಡಾಕ ನೆರವಾಗೂ ಮಷಿನ್, ಕೊಡ್ರಿ. ಇಷ್ಟ. ಉಳಿದದ್ದೆಲ್ಲಾ ಇದು ಯಾಕ ಬೇಕು ಅನ್ನೂದರ ಸಲುವಾಗಿ ಬರದದ್ದು, ಉದ್ದ ಆಗೇತಿ, ದಯವಿಟ್ಟು ಪೂರ್ತಿ ಓದ್ರಿ.

ನರದ ರೋಗ ಬಂದ್ರ ಎಲ್ಲಾರೂ ಕೈ ನೋಡ್ತಾರ, ಕಾಲು ನೋಡ್ತಾರ, ಸುತ್ತಿಗಿ ತಗೊಂಡು ಮೊಣಕಾಲಿಗೆ ಬಡದು ನೋಡ್ತಾರ, ಎಂಆರ್‌ಐ ಮಾಡಸ್ತಾರ, ಉಸಿರು ಮಾತ್ರ ಕಡೀಕ ನೋಡ್ತಾರ, ಅದೂ ಪೇಷಂಟ್ ಐಸಿಯುಕ್ಕ ಬಿದ್ದ ಮ್ಯಾಲ. ಆದ್ರ ನರಕ್ಕೂ ಆಕ್ಸಿಜನ್‌ಗೂ ಇರೂ ಸಂಬಂಧ ಎಷ್ಟು ಹತ್ತಿರದ್ದು ಅಂದ್ರ, ನಮ್ಮ ಮಿದುಳಿನ ತೂಕ ಇಡೀ ಮೈ ತೂಕದಾಗ ಬರೇ 2 ಪರ್ಸೆಂಟ್ ಆಸುಪಾಸು, ಅದು ಖರ್ಚು ಮಾಡೂ ಆಕ್ಸಿಜನ್ ಮಾತ್ರ ಸುಮಾರು 20 ಪರ್ಸೆಂಟ್. ಕೂಡಿಟ್ಟುಕೊಳ್ಳೂ ಪದ್ಧತಿನ ಅದಕ್ಕಿಲ್ಲ, ರಕ್ತದಾಗ ಬಂದಂಗ ಬಂದಂಗ ಖರ್ಚು ಮಾಡ್ತೈತಿ, ಬರೂದು ನಿಂತ್ರ ಸೆಕೆಂಡಿನ್ಯಾಗ ಎಚ್ಚರ ತಪ್ಪತೈತಿ.

ಮಿದುಳು ಬಿಡ್ರಿ, ಬೆನ್ನುಹುರಿಯಿಂದ ಕಾಲಿಗೆ ಹೋಗೂ ಒಂದು ನರದ ಎಳಿ ತಗೊಳ್ರಿ. ಆ ನರಕೋಶದ ಮೂಲ ಇರೂದು ಬೆನ್ನುಹುರಿ ಒಳಗ, ದೊಡ್ಡದಂದ್ರೂ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ಅದರಿಂದ ಹೊಂಟ ಎಳಿಗೆ ಆಕ್ಸಾನ್ ಅಂತಾರ, ಅದು ಪಾದದ ತನಕಾ ಹತ್ತಿರ ಹತ್ತಿರ 1 ಮೀಟರ್ ಉದ್ದ ಹೋಗ್ತೈತಿ, ದಪ್ಪ ನೋಡಿದ್ರ ಕೂದಲಿಗಿಂತ ಎಷ್ಟೋ ತೆಳು. ಇಷ್ಟುದ್ದದ ಎಳಿ ಜೀವಂತ ಇರಬೇಕಂದ್ರ ಎರಡು ಕೆಲಸ ಹಗಲು ರಾತ್ರಿ ನಡೀತಿರಬೇಕು. ಒಂದು, ಎಳಿ ಉದ್ದಕ್ಕೂ ಇರೂ ಸೋಡಿಯಂ-ಪೊಟ್ಯಾಸಿಯಂ ಪಂಪ್, ಇದು ಪ್ರತೀ ಸಲ 3 ಸೋಡಿಯಂ ಹೊರಗ ಹಾಕಿ 2 ಪೊಟ್ಯಾಸಿಯಂ ಒಳಗ ತಗೋತೈತಿ, ಆ ಒಂದೊಂದು ಸಲಕ್ಕೂ ಒಂದೊಂದು ಎಟಿಪಿ ಅನ್ನೂ ಶಕ್ತಿಕಣ ಖರ್ಚಾಗ್ತೈತಿ. ಸಿಗ್ನಲ್ ಹೋಗೂದು ಈ ಪಂಪ್ ಇದ್ರನ. ಎರಡನೇದು ಸಾಗಾಟ. ನರಕ್ಕ ಬೇಕಾದ ಪ್ರೋಟೀನ್, ಮೈಟೋಕಾಂಡ್ರಿಯಾ (ಕೋಶದ ಒಳಗ ಎಟಿಪಿ ತಯಾರಿಸೂ ಭಾಗ) ಎಲ್ಲಾ ಹೆಚ್ಚು ಕಮ್ಮಿ ಮೂಲದಾಗ ತಯಾರಾಗಿ ತುದೀತನಕ ಹೋಗಬೇಕು, ಅತೀ ವೇಗದ ಸಾಗಾಟನ ದಿನಕ್ಕ ಸುಮಾರು 400 ಮಿಲಿಮೀಟರ್, ಅಂದ್ರ ಪಾದ ಮುಟ್ಟಾಕ ಎರಡೂವರಿ ದಿನ ಬೇಕು, ನಿಧಾನದ್ದು ದಿನಕ್ಕ ಮಿಲಿಮೀಟರ್ ಲೆಕ್ಕದಾಗ ಹೋಗ್ತೈತಿ, ಅದು ತುದಿ ಮುಟ್ಟೂದು ವರ್ಷಗಟ್ಟಲೆ. ಈ ಸಾಗಾಟಕ್ಕೂ ಎಟಿಪಿನ ಬೇಕು.

ಎಟಿಪಿ ಎಲ್ಲಿಂದ ಬರ್ತೈತಿ? ಒಂದು ಗ್ಲೂಕೋಸ್ ಕಣದಿಂದ ಆಕ್ಸಿಜನ್ ಇದ್ರ ಸುಮಾರು 30 ಎಟಿಪಿ ಸಿಗ್ತಾವು, ಆಕ್ಸಿಜನ್ ಇಲ್ಲಂದ್ರ ಬರೇ 2. ಈ ಒಂದು ಲೆಕ್ಕದಾಗ ನಾ ಮುಂದ ಹೇಳೂದೆಲ್ಲಾ ಅಡಗೇತಿ.

ಆಕ್ಸಿಜನ್ ಕಡಿಮಿ ಆತು ಅಂದ್ರ ಮೊದಲ ಪಂಪ್ ನಿಧಾನ ಆಗ್ತೈತಿ. ಹೊರಗ ಹೋಗಬೇಕಾದ ಸೋಡಿಯಂ ಎಳಿ ಒಳಗ ತುಂಬಕೋತೈತಿ. ಸೋಡಿಯಂ-ಕ್ಯಾಲ್ಸಿಯಂ ಅದಲು ಬದಲು ಮಾಡೂ ಇನ್ನೊಂದು ಬಾಗಿಲ ಐತಿ, ಮಾಮೂಲಿ ಆಗಿ ಅದು ಕ್ಯಾಲ್ಸಿಯಂ ಹೊರಗ ಹಾಕ್ತೈತಿ, ಒಳಗ ಸೋಡಿಯಂ ಜಾಸ್ತಿ ಆದಾಗ ಅದು ಉಲ್ಟಾ ತಿರಗತೈತಿ, ಕ್ಯಾಲ್ಸಿಯಂನ್ನ ಒಳಗ ತರಾಕ ಶುರು ಮಾಡ್ತೈತಿ. ಆ ಕ್ಯಾಲ್ಸಿಯಂ ಹೋಗಿ ಕಾಲ್ಪೇನ್ ಅನ್ನೂ ಕಿಣ್ವಗಳನ್ನ ಎಬ್ಬಸ್ತೈತಿ, ಅವು ನರದ ಎಳಿಗೆ ಒಳಗಿಂದ ಆಧಾರ ಕೊಟ್ಟಿರೂ ನ್ಯೂರೋಫಿಲಮೆಂಟ್ ಪ್ರೋಟೀನ್‌ನ್ನ ಕತ್ತರಿಸಿ ಹಾಕ್ತಾವು. ಹಿಂಗ ಕತ್ತರಿಸಿದ್ದರ ಚೂರು ರಕ್ತದಾಗ ಬರ್ತಾವು, ಈಗ ದೊಡ್ಡ ದೊಡ್ಡ ಸೆಂಟರ್‌ದಾಗ ನ್ಯೂರೋಫಿಲಮೆಂಟ್ ಲೈಟ್ ಅಂತ ರಕ್ತದ ಟೆಸ್ಟ್ ಮಾಡೂದು ಇದನ್ನ ಹಿಡಿಯಾಕ. ಅಷ್ಟರೊಳಗ ಸಾಗಾಟನೂ ನಿಂತಿರ್ತೈತಿ. ನಮ್ಮ ಕಡೆ ಕಾಲುವಿಗೆ ನೀರು ಕಡಿಮಿ ಬಿಟ್ರ ಮೊದಲ ಒಣಗೂದು ಟೇಲ್ ಎಂಡಿನ ಹೊಲ, ಮ್ಯಾಲಿನವ್ರ ಕಬ್ಬು ಹಸರ ಇರ್ತೈತಿ, ನರದಾಗೂ ಹಂಗ, ಮೂಲದ ಕೋಶ ಇನ್ನೂ ಬದುಕಿರೂವಾಗನ ತುದಿ ಸಾಯಾಕ ಶುರು ಆಗ್ತೈತಿ, ಅಲ್ಲಿಂದ ಹಿಂದ ಹಿಂದ ಬರ್ತೈತಿ.

ಶುಗರ್ ಇದ್ದವ್ರಿಗೆ ಪಾದದ ಬೆರಳಿಂದನ ಉರಿ, ಜೋಮು ಶುರು ಆಗೂದು ಇದಕ್ಕ. ಉದ್ದನ್ನ ನರದ ತುದಿ ಅಲ್ಲೇ ಇರೂದು. ಶುಗರ್‌ನಿಂದ ನರಕ್ಕ ರಕ್ತ ಕೊಡೂ ಸಣ್ಣ ಸಣ್ಣ ರಕ್ತನಾಳದ ಗ್ವಾಡಿ ದಪ್ಪ ಆಗಿ ನರದ ಒಳಗ ಆಕ್ಸಿಜನ್ ಸರಿಯಾಗಿ ಮುಟ್ಟಂಗಿಲ್ಲ, ಶುಗರ್ ಮಾಡೂ ಉಳಿದ ಹಾನಿ ಜೊತಿಗೆ ಇದೂ ಸೇರ್ತೈತಿ. ನಮ್ಮ ಓಣಿಯೊಳಗ ಇಂಥವ್ರು ಮನಿಗೊಬ್ರು ಅದಾರ ಅಂದ್ರೂ ತಪ್ಪಲ್ಲ.

ಇಲ್ಲೊಂದು ಮಾತು ಸ್ಪಷ್ಟ ಇರ್ಲಿ. ಆಕ್ಸಿಜನ್ ಕಡಿಮಿ ಆಗಿದ್ದಕ್ಕ ಎಂಎನ್‌ಡಿ ಬರ್ತೈತಿ, ಪಾರ್ಕಿನ್ಸನ್ ಬರ್ತೈತಿ ಅಂತ ನಾ ಹೇಳಾಕತ್ತಿಲ್ಲ. ಆ ರೋಗಗಳಿಗೆ ಜೀನು, ವಯಸ್ಸು, ಪ್ರೋಟೀನ್ ಗಂಟು ಕಟ್ಟೂದು ಹಿಂಗ ಬ್ಯಾರೆ ಬ್ಯಾರೆ ದಾರಿ ಅದಾವು. ನಾ ಹೇಳೂದು, ಮೊದಲ ಸೋತಿರೂ ನರಕ್ಕ ಆಕ್ಸಿಜನ್ ಕಡಿಮಿ ಆದ್ರ ಅದು ತಡಕೊಳ್ಳಂಗಿಲ್ಲ. ಇದಕ್ಕ ವಿಜ್ಞಾನದಾಗ ಗಟ್ಟಿ ಆಧಾರ ಅದಾವು. 2001ರಾಗ ಬೆಲ್ಜಿಯಂನ ಲ್ಯೂವೆನ್‌ದಾಗ ವಿಜ್ಞಾನಿಗಳು ಇಲಿಗಳ ಒಂದು ಜೀನಿನ್ಯಾಗಿಂದ ಸಣ್ಣ ತುಣುಕು ತಗದ್ರು, ಆ ಜೀನು ವಿಇಜಿಎಫ್ ಅಂತ, ಆಕ್ಸಿಜನ್ ಕಡಿಮಿ ಆದಾಗ ರಕ್ತನಾಳ ಬೆಳಸಾಕ, ನರ ಕಾಯಾಕ ಕೆಲಸ ಮಾಡ್ತೈತಿ. ತಗದದ್ದು ಇಡೀ ಜೀನು ಅಲ್ಲ, ಆಕ್ಸಿಜನ್ ಕಡಿಮಿ ಆಗೇತಿ ಅಂತ ತಿಳಕೊಂಡು ಎಚ್ಚರ ಆಗೂ ಭಾಗ ಅಷ್ಟ. ಆ ಇಲಿಗಳು ಹುಟ್ಟಿದಾಗ ಚಂದ ಇದ್ದು, ದೊಡ್ಡವಾದ ಮ್ಯಾಲ ಅವುಗಳ ಮೋಟಾರ್ ನರಕೋಶ ಸಾಯಾಕತ್ತಿದ್ವು, ಎಎಲ್‌ಎಸ್ ಆದವ್ರಿಗೆ ಆದಂಗ ಸ್ನಾಯು ಸೋತ್ವು. ಇದನ್ನ ಓದಿದ ದಿನ ನನಗ ನಿದ್ದಿ ಬರಲಿಲ್ಲ.

ಎಂಎಸ್, ಅಂದ್ರ ಮಲ್ಟಿಪಲ್ ಸ್ಕ್ಲೀರೋಸಿಸ್ ರೋಗದಾಗ ನರದ ಮ್ಯಾಲಿನ ಮಯಲಿನ್ ಹೊದಿಕಿ ಕಿತ್ತು ಹೋಗ್ತೈತಿ. ಹೊದಿಕಿ ಇದ್ದಾಗ ಸಿಗ್ನಲ್ ನಡುವಿನ ಸಣ್ಣ ಸಂದಿನಿಂದ ಸಂದಿಗೆ ಜಿಗಕೋತ ಹೋಗ್ತೈತಿ, ಪಂಪಿಗೆ ಕೆಲಸ ಕಡಿಮಿ. ಹೊದಿಕಿ ಹೋದ ಮ್ಯಾಲ ಸೋಡಿಯಂ ಚಾನೆಲ್‌ಗಳು ಎಳಿ ತುಂಬ ಹರಡತಾವು, ಪಂಪಿಗೆ ಕೆಲಸ ಎಷ್ಟೋ ಪಟ್ಟು ಹೆಚ್ಚು, ಮತ್ತ ಉರಿಯೂತದಿಂದ ಬರೂ ನೈಟ್ರಿಕ್ ಆಕ್ಸೈಡ್ ಮೈಟೋಕಾಂಡ್ರಿಯಾನ ಕೆಡಸ್ತೈತಿ. ಖರ್ಚು ಏರತೈತಿ, ಗಳಿಕಿ ಇಳೀತೈತಿ, ರಕ್ತದಾಗ ಆಕ್ಸಿಜನ್ ಸರಿ ಇದ್ರೂ ನರ ಉಸಿರುಗಟ್ಟಿದಂಗ ಆಗ್ತೈತಿ, ವರ್ಚುವಲ್ ಹೈಪಾಕ್ಸಿಯಾ ಅಂತ ಇದಕ್ಕ ಕರೀತಾರ. 2013ರಾಗ ಲಂಡನ್ನಿನ ಯುಸಿಎಲ್‌ನವ್ರು ಇದಕ್ಕೂ ಒಂದು ಹೆಜ್ಜಿ ಮುಂದ ಹೋಗಿ, ಎಂಎಸ್ ಥರದ ರೋಗ ಇರೂ ಇಲಿಗಳ ಉರಿಯೂತ ಆದ ಬೆನ್ನುಹುರಿಯಾಗ ಖರೇನ ಆಕ್ಸಿಜನ್ ಕಡಿಮಿ ಇರ್ತೈತಿ ಅಂತ ಅಳದು ತೋರಿಸಿದ್ರು, ಹೆಚ್ಚಿನ ಆಕ್ಸಿಜನ್ ಉಸಿರಾಡಿಸಿದಾಗ ಆ ಇಲಿಗಳ ಕಾಲಿನ ಶಕ್ತಿ ಸ್ವಲ್ಪ ವಾಪಸ್ ಬಂತು. ಜೀವಕೋಶ ಆಕ್ಸಿಜನ್ ಮಟ್ಟ ಹೆಂಗ ತಿಳಕೋತೈತಿ ಅಂತ ಕಂಡು ಹಿಡದದ್ದಕ್ಕ ವಿಲಿಯಂ ಕೇಲಿನ್, ಪೀಟರ್ ರ‍್ಯಾಟ್‌ಕ್ಲಿಫ್, ಗ್ರೆಗ್ ಸೆಮೆನ್ಜಾ ಈ ಮೂವರಿಗೆ 2019ರ ವೈದ್ಯಕೀಯ ನೊಬೆಲ್ ಬಂತು. ನೆನಪು ಹೋಗೂ ಅಲ್ಝೈಮರ್ ರೋಗದ ಕಡೆನೂ ಇದ ದಾರಿ ಹೋಗ್ತೈತಿ, ಆಕ್ಸಿಜನ್ ಕಡಿಮಿ ಆದಾಗ ಆ ರೋಗದಾಗ ಮಿದುಳಿನ್ಯಾಗ ಗಂಟು ಕಟ್ಟೂ ಅಮಿಲಾಯ್ಡ್ ಪ್ರೋಟೀನ್ ತಯಾರು ಮಾಡೂ ಬೇಸ್-1 ಕಿಣ್ವ ಹೆಚ್ಚಾಗ್ತೈತಿ ಅಂತ ಲ್ಯಾಬಿನ್ಯಾಗ ಕಂಡೈತಿ. 2011ರಾಗ ಅಮೆರಿಕಾದಾಗ ವಯಸ್ಸಾದ 298 ಹೆಣ್ಮಕ್ಕಳನ್ನ ವರ್ಷಗಟ್ಟಲೆ ನೋಡಿದಾಗ, ನಿದ್ದಿಯೊಳಗ ಉಸಿರು ಕಟ್ಟೂ ತ್ರಾಸ ಇದ್ದವ್ರಲ್ಲಿ 44.8 ಪರ್ಸೆಂಟ್ ಮಂದಿಗೆ ಮುಂದ ನೆನಪಿನ ತೊಂದ್ರಿ ಅಥವಾ ಡಿಮೆನ್ಶಿಯಾ ಬಂತು, ಆ ತ್ರಾಸ ಇಲ್ಲದವ್ರಲ್ಲಿ 31.1 ಪರ್ಸೆಂಟ್. ಅದರಾಗೂ ನಿದ್ದಿ ಎಷ್ಟು ಸಲ ಕೆಡತೈತಿ ಅನ್ನೂದಕ್ಕಿಂತ ಆಕ್ಸಿಜನ್ ಇಳಿಯೂದಕ್ಕ ಸಂಬಂಧ ಹೆಚ್ಚು ಕಂಡಿತ್ತು.

ಈಗ ಎಂಎನ್‌ಡಿಗೆ ಬರ್ತೇನಿ, ಯಾಕಂದ್ರ ನಾ ಕಣ್ಣಾರೆ ಕಂಡದ್ದು ಇದನ್ನ. ಈ ರೋಗದಾಗ ಉಸಿರಾಟಕ್ಕೂ ನರಕ್ಕೂ ಎರಡೂ ಕಡೆಯಿಂದ ಹೊಡತ ಬೀಳ್ತೈತಿ. ನಮ್ಮ ಎದಿ ಹೊಟ್ಟಿ ನಡುವ ಇರೂ ವಪೆ, ಡಯಾಫ್ರಾಮ್, ಅದನ್ನ ನಡಸೂದು ಫ್ರೆನಿಕ್ ನರ, ಕುತ್ತಿಗಿಯ 3, 4, 5ನೇ ಮಟ್ಟದಿಂದ ಹೊಂಡತೈತಿ. ಅದರ ಮೂಲದ ಕೋಶಗಳೂ ಮೋಟಾರ್ ನ್ಯೂರಾನ್ನ, ಅಂದ್ರ ಕೈ ಸೋತಂಗ ವಪೆನೂ ಸೋಲ್ತೈತಿ. ಹಗಲು ಕುಂತಾಗ ಕುತ್ತಿಗಿ, ಪಕ್ಕೆಲಬಿನ ಸ್ನಾಯುಗಳು ಕೈ ಜೋಡಸ್ತಾವು, ಗೊತ್ತಾಗಂಗಿಲ್ಲ. ಮಲಗಿದ್ರ ಹೊಟ್ಟಿ ಭಾರ ವಪೆ ಮ್ಯಾಲ ಬೀಳ್ತೈತಿ. ಕನಸು ಬೀಳೂ ನಿದ್ದಿ ಐತಲ್ರಿ, ರೆಮ್ ನಿದ್ದಿ ಅಂತಾರ, ಆವಾಗ ಮೈಯಾಗಿನ ಹೆಚ್ಚಿನ ಸ್ನಾಯು ಸಡ್ಲ ಆಗಿ ಉಸಿರಿನ ಭಾರ ಎಲ್ಲಾ ವಪೆ ಒಂದರ ಮ್ಯಾಲ ಬೀಳ್ತೈತಿ, ಅದ ಸೋತಿದ್ರ? ಆಕ್ಸಿಜನ್ ಸರ್ರನೆ ಇಳೀತೈತಿ, ಕಾರ್ಬನ್ ಡೈಆಕ್ಸೈಡ್ ಏರತೈತಿ, ಪೇಷಂಟ್ ದಡಬಡ ಎದ್ದು ಕೂಡ್ತಾನ, ಮತ್ತ ನಿದ್ದಿ, ಮತ್ತ ಅದ. ರಾತ್ರಿ ಪೂರ್ತಿ ಹಿಂಗ. ಸೋಲಾಕತ್ತಿದ ನರಕ್ಕ ಪ್ರತಿ ರಾತ್ರಿ ಆಕ್ಸಿಜನ್ ಕಟ್ ಮಾಡಿದಂಗ.

ನಮ್ಮ ಕಾಕಾಗ ಮೊದಲ ಹೋದದ್ದು ಬಲಗೈ ಹೆಬ್ಬೆರಳು. ಲೂಮಿನ್ಯಾಗ ಎಳಿ ಹರದ್ರ ಎರಡು ತುದಿ ಹಿಡದು ಗಂಟು ಹಾಕೂದು ಅವಂಗ ಕಣ್ಣು ಮುಚ್ಚಿ ಮಾಡೂ ಕೆಲಸ, ಅದು ಬರವಲ್ಲದಾತು. ಹೆಬ್ಬೆರಳು ತೋರಬೆರಳಿನ ನಡುವಿನ ಮಾಂಸ ಒಳಗ ಇಳದು ಕುಳಿ ಬಿತ್ತು, ತೋಳಿನ ಸ್ನಾಯು ಸುಮ್ಮನ ಕುಂತಾಗೂ ತನ್ನಷ್ಟಕ್ಕ ತಾನ ಮಿಡಕತಿತ್ತು. ಬೆಂಗಳೂರಿಗೆ ನಿಮ್ಹಾನ್ಸಿಗೆ ಕರಕೊಂಡು ಹೋಗಬೇಕಂತ ಸ್ಲೀಪರ್ ಬಸ್ಸಿಗೆ ಟಿಕೆಟ್ ಮಾಡಿಸಿದ್ವಿ, 500 ಕಿಲೋಮೀಟರಿನ ಮ್ಯಾಲ ದಾರಿ, ಮಲಗಿ ಆರಾಮ ಹೋಗ್ಲಿ ಅಂತ. ಬಸ್ಸಿನ್ಯಾಗ ಮಲಗಿಸಿದ ಕೂಡ್ಲೆ ಎದ್ದು ಕುಂತ್ರು. ಮತ್ತ ಮಲಗಿಸಿದ್ವಿ, ಮತ್ತ ಎದ್ರು. ಮ್ಯಾಲಿನ ಬರ್ತಿನ ಕಬ್ಬಿಣಕ್ಕ ತಲಿ ತಾಗತಿತ್ತು, ಆದ್ರೂ ಮಲಗವಲ್ರು, ಬೆಳತನಕ ಕಾಲು ಇಳಿಬಿಟ್ಟು ಮುಂದ ಬಾಗಿ ಕುಂತ ಹೋದ್ರು. ಆವಾಗ ನಮಗೆಲ್ಲಾ ಅದು ಹೆದರಿಕಿ ಅಂತ ಅನಿಸಿತ್ತು. ಉಸಿರಿನ ಸ್ನಾಯು ಸೋತವ್ರ ಖಾಸಾ ಲಕ್ಷಣ ಅದು ಅಂತ ಅಲ್ಲಿ ಡಾಕ್ಟರ್ ಹೇಳಿದ ಮ್ಯಾಲ ತಿಳೀತು. ಮುಂಜಾನೆ ಎದ್ದ ಕೂಡ್ಲೆ ತಲಿನೋವು, ಹಗಲೆಲ್ಲಾ ತೂಕಡಿಕಿ, ಊಟದ ರುಚಿ ಹೋಗೂದು, ಸಿಟ್ಟು, ಇವೆಲ್ಲಾ ಅದರ ಜೊತಿಗಾರ್ರು. ಇವನ್ನ ಊರಾಗ ಎಷ್ಟು ಕಡೆ ತೋರಿಸಿದ್ರೂ ಬಿ12 ಇಂಜೆಕ್ಷನ್, ಟಾನಿಕ್, ಪಿತ್ತದ ಗುಳಿಗಿ ಕೊಟ್ಟು ಕಳಿಸಿದ್ದು ಬಿಟ್ರ ಒಬ್ರೂ ಮಲಗಿಸಿ ಉಸಿರು ನೋಡಲಿಲ್ಲ.

ಇದಕ್ಕಿಂತ ದೊಡ್ಡ ಸಂಗತಿ ಆಮ್ಯಾಲ ಆತು. ಊರಿಗೆ ಬಂದ ಮ್ಯಾಲ ಒಂದು ಸಲ ಕಫ ಕಟ್ಟಿ ಉಸಿರು ಜಾಸ್ತಿ ಆಗಿ ಆಸ್ಪತ್ರಿಗೆ ಒಯ್ದ್ವಿ, ಯಾವ ಆಸ್ಪತ್ರಿ ಅಂತ ಹೆಸರು ಬರ್ಯಂಗಿಲ್ಲ, ಒಬ್ಬರನ್ನ ಬೈಯಾಕ ಈ ಪತ್ರ ಬರದಿಲ್ಲ. ಬೆರಳಿಗೆ ಹಾಕಿದ ಮೀಟರ್ 84 ತೋರಿಸಿತು. ಮಾಸ್ಕ್ ಹಾಕಿ ಆಕ್ಸಿಜನ್ ಜೋರು ಬಿಟ್ರು. ಸ್ವಲ್ಪ ಹೊತ್ತಿನ್ಯಾಗ 98 ಬಂತು, ಎಲ್ಲಾರೂ ಸಮಾಧಾನ ಆದ್ರು, ಕಾಕಾ ಮಾತ್ರ ಮಂಕಾಗ್ಕೋತ ಹೋದ್ರು, ಹೆಸರು ಹಿಡದು ಕರದ್ರ ಹೂಂ ಅನ್ನೂದೂ ನಿಂತಿತು. ರಾತ್ರಿ ಡ್ಯೂಟಿಗೆ ಬಂದ ಒಬ್ರು ಹಿರೇ ಡಾಕ್ಟರ್ ಕೈಯಾಗಿನ ಅಪಧಮನಿಯಿಂದ ರಕ್ತ ತಗಿಸಿ ಬ್ಲಡ್ ಗ್ಯಾಸ್ ಮಾಡಿಸಿದಾಗ ಕಾರ್ಬನ್ ಡೈಆಕ್ಸೈಡ್ ಸಿಕ್ಕಾಪಟ್ಟೆ ಏರಿತ್ತು. ಆಕ್ಸಿಜನ್ ಇಳಿಸಿ ಬೈಪ್ಯಾಪ್ ಹಾಕಿದ್ರು, ಮುಂಜಾನೆ ಅನ್ನೂದರೊಳಗ ಕಾಕಾ ಕಣ್ಣು ತೆರದು ಚಹಾ ಕೇಳಿದ್ರು. ಆ ಡಾಕ್ಟರ್ ಬರದಿದ್ರ ಅವತ್ತ ಮುಗೀತಿತ್ತು.

ಇದರಾಗ ಇರೂ ವಿಷಯ ಎಲ್ಲಾರಿಗೂ ತಿಳೀಬೇಕು, ಅದಕ್ಕ ಬಿಡಿಸಿ ಹೇಳ್ತೇನಿ. ಎಂಎನ್‌ಡಿ ಪೇಷಂಟ್‌ನ ಪುಪ್ಪುಸ ಚಲೋ ಇರ್ತೈತಿ, ಅಲ್ಲಿಗೆ ಗಾಳಿ ಎಳಕೊಂಡು ಹೊರಗ ಬಿಡೂ ಶಕ್ತಿ ಇರಂಗಿಲ್ಲ. ಆಕ್ಸಿಜನ್ ಕಡಿಮಿ ಆಗೂದೂ ಕಾರ್ಬನ್ ಡೈಆಕ್ಸೈಡ್ ಹೆಚ್ಚಾಗೂದೂ ಎರಡೂ ಕೂಡೇ ನಡೀತಾವು. ಬರೇ ಆಕ್ಸಿಜನ್ ಕೊಟ್ರ ಮೀಟರಿನ್ಯಾಗ ನಂಬರ್ ಚಂದ ಕಾಣ್ತೈತಿ, ಒಳಗ ಕೆಟ್ಟ ಗಾಳಿ ತುಂಬಕೋತ ಹೋಗ್ತೈತಿ, ಆಕ್ಸಿಜನ್ ಇಳದದ್ದ ಉಸಿರಾಡು ಅಂತ ಮಿದುಳನ್ನ ಎಬ್ಬಸ್ತಿರ್ತೈತಿ, ಆ ಎಬ್ಬಿಸೂದೂ ನಿಂತ್ರ ಪೇಷಂಟ್ ನಿದ್ದಿಯಿಂದ ಕೋಮಾಕ್ಕ ಹೋಗ್ತಾನ. ಅವ್ರಿಗೆ ಬೇಕಾದದ್ದು ಗಾಳಿಯ ಒತ್ತಡ. ಬೈಪ್ಯಾಪ್ ಮಷಿನ್ ಮೂಗಿಗೆ ಹಾಕಿದ ಮಾಸ್ಕಿನಿಂದ ಉಸಿರು ಎಳಕೊಳ್ಳುವಾಗ ಹೆಚ್ಚಿನ ಒತ್ತಡ, ಬಿಡುವಾಗ ಕಡಿಮಿ ಒತ್ತಡ ಕೊಟ್ಟು ವಪೆ ಕೆಲಸ ತಾನ ಮಾಡ್ತೈತಿ. ಕೋವಿಡ್ ಟೈಮಿನ್ಯಾಗ ನಮ್ಮ ತಾಲೂಕಾ ಆಸ್ಪತ್ರಿ ತನಕಾ ಆಕ್ಸಿಜನ್ ಪ್ಲಾಂಟ್, ಕಾನ್ಸಂಟ್ರೇಟರ್ ಬಂದ್ವು, ಭಾಳ ಜೀವ ಉಳದ್ವು, ಅದಕ್ಕ ಋಣಿ ಅದೇವಿ. ಆದ್ರ ಅವನ್ನ ಹಂಗ ತಂದು ಈ ಪೇಷಂಟ್‌ಗಳಿಗೆ ಹಚ್ಚಿದ್ರ ಉಲ್ಟಾ ಆಗ್ತೈತಿ.

ಬೈಪ್ಯಾಪ್‌ನಿಂದ ಏನ್ ಉಪಯೋಗ, ರೋಗ ವಾಸಿ ಆಗ್ತದೇನು ಅಂತ ಕೇಳೂವ್ರು ಅದಾರ, ಆಫೀಸಿನ್ಯಾಗ ನನ್ನ ಮುಖಕ್ಕ ಕೇಳ್ಯಾರ. ವಾಸಿ ಆಗಂಗಿಲ್ಲ. 2006ರಾಗ ಇಂಗ್ಲೆಂಡಿನ ನ್ಯೂಕ್ಯಾಸಲ್‌ದಾಗ ಉಸಿರು ಸೋತ 41 ಎಎಲ್‌ಎಸ್ ಪೇಷಂಟ್‌ಗಳ ಮ್ಯಾಲ ಟ್ರಯಲ್ ಮಾಡಿದ್ರು. ಗಂಟಲು ನಾಲಿಗಿ ಸ್ನಾಯು ಪೂರಾ ಹೋಗಿರದವ್ರು ಈ ಥರದ ಮಷಿನ್ ಹಾಕಿಕೊಂಡಾಗ, ಹಾಕಿಕೊಳ್ಳದವ್ರಿಗಿಂತ ಮಧ್ಯಮ ಲೆಕ್ಕದಾಗ 205 ದಿನ ಹೆಚ್ಚು ಬದುಕಿದ್ರು. ನುಂಗಾಕ ಮಾತಾಡಾಕ ಪೂರಾ ಹೋದವ್ರಿಗೆ ಆಯುಷ್ಯ ಹೆಚ್ಚಲಿಲ್ಲ, ನಿದ್ದಿ, ತಲಿನೋವು, ತೂಕಡಿಕಿ ವಿಷಯದಾಗ ಅವ್ರಿಗೂ ಆರಾಮ ಸಿಕ್ತು. ಈ ರೋಗಕ್ಕ ಹೆಚ್ಚು ಕೊಡೂ ರಿಲುಝೋಲ್ ಗುಳಿಗಿಯಿಂದ ಸಿಗೂದು ಎರಡು ಮೂರು ತಿಂಗಳ. ಅಂದ್ರ ಔಷಧಿಗಿಂತ ಹೆಚ್ಚು ಆಯುಷ್ಯ ಒಂದು ಗಾಳಿ ಮಷಿನ್ ಕೊಡ್ತೈತಿ. ಏಳು ತಿಂಗಳಿಗೆ ಸಮೀಪದ ಆಯುಷ್ಯ, ಅದೂ ಮಲಗಿ ನಿದ್ದಿ ಮಾಡಿ ಬದುಕೂದು, ಅಂಥವ್ರ ಮನಿಯೊಳಗ ಅದರ ಬೆಲೆ ಎಷ್ಟು ಅಂತ ಬಂದು ನೋಡ್ರಿ.

ಇನ್ನ ನಾ ಕೇಳೂದು. ಸಾಹೇಬ್ರ, ಇದರಾಗ ಯಾವುದೂ ಬೆಂಗಳೂರಾಗ ಅಷ್ಟ ಆಗೂ ಕೆಲಸ ಅಲ್ಲ.

ನವನಗರದ ಜಿಲ್ಲಾ ಆಸ್ಪತ್ರಿಯೊಳಗ ವಾರಕ್ಕ ಒಂದು ದಿನ ಗೊತ್ತು ಮಾಡ್ರಿ. ಎಂಎನ್‌ಡಿ, ಎಂಎಸ್, ಪಾರ್ಕಿನ್ಸನ್, ಮಸ್ಕುಲರ್ ಡಿಸ್ಟ್ರೋಫಿ, ನೆನಪಿನ ರೋಗ, ಇವ್ರೆಲ್ಲಾ ಅವತ್ತು ಬರ್ಲಿ. ಸ್ಪೈರೋಮೀಟರ್ ಊದಿಸಿ ಎಫ್‌ವಿಸಿ, ಅಂದ್ರ ಪೂರಾ ಉಸಿರು ಎಳದು ಜೋರಾಗಿ ಊದಿದಾಗ ಎಷ್ಟು ಗಾಳಿ ಬರ್ತೈತಿ ಅನ್ನೂದನ್ನ ನೋಡ್ರಿ, ಕುಂತಾಗ ಒಮ್ಮೆ ಮಲಗಿದಾಗ ಒಮ್ಮೆ, ಎರಡಕ್ಕೂ ದೊಡ್ಡ ಫರಕ್ ಬಂದ್ರ ವಪೆ ಸೋತೈತಿ ಅಂತ ಅಲ್ಲೇ ಗೊತ್ತಾಗ್ತೈತಿ. ಎಫ್‌ವಿಸಿ ಇರಬೇಕಾದದ್ದರ 50 ಪರ್ಸೆಂಟಿನ ಕೆಳಗ ಇಳದವ್ರಿಗೆ ಬೈಪ್ಯಾಪ್ ವಿಚಾರ ತಗೀಬೇಕಂತ ಡಾಕ್ಟರ್‌ಗಳಿಗೆ ಗೊತ್ತೈತಿ, ರಾತ್ರಿ ಲಕ್ಷಣ ಇದ್ರ ಅದಕ್ಕಿಂತ ಮೊದಲ. ರಾತ್ರಿಗೆ ಮೆಮೊರಿ ಇರೂ ಪಲ್ಸ್ ಆಕ್ಸಿಮೀಟರ್ ಬೆರಳಿಗೆ ಕಟ್ಟಿ ಮನಿಗೆ ಕಳಸ್ರಿ, ಮುಂಜಾನೆ ವಾಪಸ್ ತರ್ತಾರ, ಕಂಪ್ಯೂಟರಿನ್ಯಾಗ ಗ್ರಾಫ್ ತಗೀರಿ. ಹಗಲ ಒಪಿಡಿಯೊಳಗ 97 ಬಂತು, ಏನೂ ತೊಂದ್ರಿ ಇಲ್ಲ ಅಂತ ಕಳಿಸೂದು ಬ್ಯಾಡ, ಹಗಲಿನ 97ಕ್ಕೂ ರಾತ್ರಿ ಮೂರರ 80ಕ್ಕೂ ಸಂಬಂಧ ಇಲ್ಲ. ಹೊಸದಾಗಿ ಎಲ್ಲಾ ಕೊಳ್ಳಬೇಕಂತನೂ ಇಲ್ಲ, ಕೋವಿಡ್‌ದಾಗ ಬಂದ ಬೈಪ್ಯಾಪ್‌ಗಳು ಎಲ್ಲಿ ಅದಾವು, ಎಷ್ಟು ಚಾಲೂ ಅದಾವು ಅಂತ ಒಂದು ಲೆಕ್ಕ ತಗದು ಮಂದಿಗೆ ತಿಳಸ್ರಿ. ಚಾಲೂ ಇದ್ದದ್ದನ್ನ ಒಂದು ಬ್ಯಾಂಕ್ ಮಾಡಿ, ಡಿಪಾಸಿಟ್ ಕೇಳದನ ಮನಿಗೆ ಕೊಡ್ರಿ, ಪೇಷಂಟ್ ಹೋದ ಮ್ಯಾಲ ಮಷಿನ್ ವಾಪಸ್ ಬರ್ತೈತಿ, ಇನ್ನೊಬ್ರಿಗೆ ಹೋಗ್ತೈತಿ. ನಮ್ಮ ಮಷಿನ್‌ಗೆ ಅರ್ಧ ಲಕ್ಷದ ಮ್ಯಾಲ ಬಿತ್ತು, ಒಂದು ಲೂಮ್ ಮಾರಿ ತಗೊಂಡೇವಿ. ಸ್ಕೀಮಿನ್ಯಾಗ ಬರಂಗಿಲ್ಲ ಅಂದ್ರು. ಕೂಲಿ ಮ್ಯಾಲ ನೇಯೂವ್ರು, ಕಬ್ಬು ಕಡಿಯೂವ್ರು ಏನ್ ಮಾರಬೇಕು?

ಸಚಿವರಿಗೆ ಒಂದು ನೆನಪು. ನಿಮ್ಹಾನ್ಸ್ ಜೊತಿ ಸೇರಿ ಕರ್ನಾಟಕ ಬ್ರೇನ್ ಹೆಲ್ತ್ ಇನಿಶಿಯೇಟಿವ್ ಅಂತ ಶುರು ಮಾಡಿದ್ದು ನಿಮ್ಮ ಇಲಾಖಿನ, ಜಿಲ್ಲಾ ಮಟ್ಟದಾಗ ಮಿದುಳು ನರದ ರೋಗ ನೋಡಬೇಕು ಅನ್ನೂದ ಅದರ ಉದ್ದೇಶ. ಮನಿ ಬಾಗಿಲಿಗೆ ಬಂದು ಬಿಪಿ ಶುಗರ್ ನೋಡೂ ಗೃಹ ಆರೋಗ್ಯ ಯೋಜನೆನೂ ನಿಮ್ಮದ. ಈ ಎರಡರಾಗೂ ಉಸಿರಿನ ಪ್ರಶ್ನಿ ಸೇರಸ್ರಿ. ಆಶಾ ಅಕ್ಕ ಮನಿಗೆ ಬಂದಾಗ ನಿಮಗ ಚಪ್ಪಟಿ ಮಲಗಾಕ ಬರ್ತೈತೇನು, ಮುಂಜಾನೆ ತಲಿ ನೋಯ್ತೈತೇನು, ಹಗಲ ಭಾಳ ನಿದ್ದಿ ಬರ್ತೈತೇನು, ಇಷ್ಟು ಕೇಳಿದ್ರ ಸಾಕು. 2021ರಾಗ ಇದ ಆಶಾ ಅಕ್ಕಗಳು ಓಣಿ ಓಣಿ ತಿರಗಿ ಬೆರಳಿಗೆ ಮೀಟರ್ ಹಾಕಿ 94ರ ಕೆಳಗ ಇದ್ದವ್ರನ್ನ ಆಸ್ಪತ್ರಿಗೆ ಕಳಿಸಿದ್ದನ್ನ ನಮ್ಮೂರು ಮರತಿಲ್ಲ. ಅವ್ರಿಗೆ ಈ ಕೆಲಸ ಬರ್ತೈತಿ, ಸರಿಯಾದ ದುಡ್ಡು ಕೊಟ್ಟು ಮಾಡಸ್ರಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಧದೊಳಗ ಎಂಎಸ್, ಪಾರ್ಕಿನ್ಸನ್, ದೀರ್ಘಕಾಲದ ನರರೋಗ ಎಲ್ಲಾ ಅದಾವು, ಯುಡಿಐಡಿ ಅನ್ನೂ ವಿಕಲಚೇತನರ ಗುರುತಿನ ಕಾರ್ಡಿನ ಸಲುವಾಗಿ ಉಸಿರು ಬಿಡಾಕ ಆಗದ ಪೇಷಂಟ್‌ನ್ನ ಮತ್ತ ಮತ್ತ ಆಫೀಸಿಗೆ ಕರಸೂದು ನಿಲ್ಲಸ್ರಿ, ಮನಿಗೆ ಬಂದು ನೋಡ್ರಿ.

ಕರೆಂಟಿಂದೂ ಒಂದು ಮಾತು. ಬೈಪ್ಯಾಪ್ ಕರೆಂಟ್ ಮ್ಯಾಲ ನಡೀತೈತಿ. ರಾತ್ರಿ ಕರೆಂಟ್ ಹೋದ್ರ ಮನಿಯವ್ರು ಎದಿ ಹಿಡಕೊಂಡು ಕೂಡಬೇಕು. ಮಷಿನ್ ಕೊಟ್ರ ಜೊತಿಗೆ ಸಣ್ಣದೊಂದು ಇನ್ವರ್ಟರ್ ಕೊಡ್ರಿ, ಅಂಥ ಮನಿಗಳ ಪಟ್ಟಿ ವಿದ್ಯುತ್ ಆಫೀಸಿನ್ಯಾಗ ಇರ್ಲಿ, ಲೈನ್ ಬಂದ್ ಮಾಡೂ ಮುಂಚೆ ಒಂದು ಫೋನ್ ಬರ್ಲಿ.

ಮಂದಿಗೂ ಸ್ವಲ್ಪ ಹೇಳೂದೈತಿ. ಮನಿಯಾಗ ಕೈಕಾಲು ಸಣ್ಣಾಗಿ ಸೋಲಾಕತ್ತಿದವ್ರು ಇದ್ರ ಅವ್ರು ಹೆಂಗ ಮಲಗತಾರ ನೋಡ್ರಿ. ದಿಂಬು ಒಂದಿದ್ದದ್ದು ಎರಡಾಗಿ ಮೂರಾಗಿದ್ರ, ಕುರ್ಚಿಯಾಗ ಕುಂತ ನಿದ್ದಿ ಮಾಡ್ತಿದ್ರ, ಕೆಮ್ಮು ಶಕ್ತಿ ಇಲ್ಲದಂಗ ಬರ್ತಿದ್ರ ತಡ ಮಾಡಬ್ಯಾಡ್ರಿ. ಆಸ್ಪತ್ರಿಗೆ ಹೋದಾಗ ಬರೇ ಆಕ್ಸಿಜನ್ ಹಚ್ಚಿದ್ರ, ಸಾಹೇಬ್ರ ಇವ್ರಿಗೆ ಉಸಿರಿನ ಸ್ನಾಯು ರೋಗ ಐತಿ, ಬ್ಲಡ್ ಗ್ಯಾಸ್ ನೋಡ್ರಿ ಅಂತ ಗಟ್ಟಿಯಾಗಿ ಹೇಳ್ರಿ, ರೋಗದ ಹೆಸರು ಒಂದು ಚೀಟಿಯಾಗ ಬರದು ಪೇಷಂಟ್ ಕಿಸೆಯಾಗ ಇಟ್ಟಿರ್ರಿ. ಕೋವಿಡ್‌ದಾಗ ತಂದಿಟ್ಟ ಕಾನ್ಸಂಟ್ರೇಟರ್‌ನ್ನ ಡಾಕ್ಟರ್ ಹೇಳದನ ಹಚ್ಚಬ್ಯಾಡ್ರಿ. ಹೈಪರ್‌ಬೇರಿಕ್ ಚೇಂಬರ್, ಅಂದ್ರ ಹೆಚ್ಚಿನ ಒತ್ತಡದಾಗ ಆಕ್ಸಿಜನ್ ಕೊಡೂ ಕೋಣಿಯಾಗ ಕುಂದ್ರಿಸಿ ನರ ಸರಿ ಮಾಡ್ತೇವಿ ಅನ್ನೂವ್ರಿಗೆ ರೊಕ್ಕ ಕೊಡಬ್ಯಾಡ್ರಿ, ಎಂಎಸ್‌ದಾಗ ಅದನ್ನ ಟ್ರಯಲ್ ಮಾಡಿ ನೋಡ್ಯಾರ, ಹೇಳಿಕೊಳ್ಳೂವಂಥ ಲಾಭ ಸಿಕ್ಕಿಲ್ಲ. ಚಳಿಗಾಲದಾಗ ಬಾಗಿಲ ಕಿಟಕಿ ಹಾಕ್ಕೊಂಡು ಇದ್ದಲಿ ಒಲಿ ಒಳಗ ಇಡಬ್ಯಾಡ್ರಿ, ಅದರ ಕಾರ್ಬನ್ ಮೊನಾಕ್ಸೈಡ್ ರಕ್ತದಾಗ ಆಕ್ಸಿಜನ್ ಜಾಗಾ ಹಿಡೀತೈತಿ, ಅವತ್ತು ಬದುಕಿ ಉಳದವ್ರಿಗೂ ಕೆಲವ್ರಿಗೆ ವಾರ ಬಿಟ್ಟು ಮಿದುಳಿನ ಬಿಳಿ ಭಾಗದ ನರದೆಳಿಗಳ ಮಯಲಿನ್ ಕೆಟ್ಟು ನೆನಪು, ನಡಿಗಿ ಎರಡೂ ಹೋಗ್ತಾವು.

ಕಾಕಾ ಈಗ ರಾತ್ರಿ ಮಷಿನ್ ಹಾಕ್ಕೊಂಡು ಮಲಗತಾರ, ಮಲಗತಾರ ಅಂತ ಬರಿಯಾಕನ ಖುಷಿ ಆಗ್ತೈತಿ. ಕೈ ಎರಡೂ ಹೋಗ್ಯಾವು, ಮಾತು ನಿಧಾನ ಆಗೇತಿ, ರೋಗ ನಿಂತಿಲ್ಲ. ತಲಿನೋವು ಹೋಗೇತಿ, ಹಗಲ ಎಚ್ಚರ ಇದ್ದು ಲೂಮ್ ಸಪ್ಪಳ ಕೇಳಿ ಯಾವ ಲೂಮಿನ್ಯಾಗ ಏನ್ ತಪ್ಪೈತಿ ಅಂತ ಹೇಳ್ತಾರ. ಮೊದಲ ಮೊದಲ ಮಾಸ್ಕ್ ಭಾಳ ಕಾಡಿತು. ಮೂಗಿನ ಮ್ಯಾಲ ಚರ್ಮ ಕೆಂಪಾಗಿ ಸುಲದು ಹೋತು, ಮೀಸಿ ಸಂದಿಯಿಂದ ಗಾಳಿ ಸೋರಿ ಕಣ್ಣಿಗೆ ಹೊಡೀತಿತ್ತು, ಕಿತ್ತು ಒಗೀತಿದ್ರು. ಬಹಳ ಮನಿಯೊಳಗ ಮಷಿನ್ ತಂದೂ ಮೂಲಿಗೆ ಬೀಳೂದು ಇದ ಕಾರಣಕ್ಕ, ಹೇಳಿಕೊಡೂವ್ರು ಯಾರೂ ಇರಂಗಿಲ್ಲ. ಬೆಲ್ಟ್ ಎಷ್ಟು ಬಿಗೀಬೇಕು (ಒಂದು ಬೆರಳು ಹೋಗುವಷ್ಟು ಸಡ್ಲ ಇರಬೇಕು), ಮೂಗಿನ ಮ್ಯಾಲ ಎಂಥ ಪಟ್ಟಿ ಹಚ್ಚಬೇಕು, ಹಗಲ ಟಿವಿ ನೋಡುವಾಗ ಸ್ವಲ್ಪ ಸ್ವಲ್ಪ ಹೊತ್ತು ಹಾಕಿ ರೂಢಿ ಹೆಂಗ ಮಾಡಸಬೇಕು, ಇದನ್ನೆಲ್ಲಾ ಕಲಿಸೂ ಒಬ್ಬ ನರ್ಸ್ ಆದ್ರೂ ಜಿಲ್ಲಾ ಆಸ್ಪತ್ರಿಯೊಳಗ ಬೇಕು.

ಹಂಗಾಗಿ ಜಿಲ್ಲಾ ಆರೋಗ್ಯಾಧಿಕಾರಿಗಳೇ, ಯಾವ ವಾರ, ಯಾವ ರೂಮಿನ್ಯಾಗ ಈ ಟೆಸ್ಟ್ ಶುರು ಮಾಡ್ತೀರಿ ಅಂತ ತಿಳಸ್ರಿ. ಮಾಸ್ಕ್ ಕಟ್ಟೂದು ತೋರಿಸಾಕ ನಮ್ಮನ್ನ ಕರದ್ರ ನಾನೂ ನಮ್ಮ ಕಾಕಿನೂ ಬರ್ತೇವಿ, ಕಾಕಿ ನನಗಿಂತ ಚಲೋ ಕಟ್ತಾಳ. ಪಗಾರ ಏನೂ ಬ್ಯಾಡ, ಬಸ್ಸಿನ ಚಾರ್ಜ್ ನಾವ ಹಾಕ್ಕೋತೇವಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಎಂಎನ್‌ಡಿ ಪೇಷಂಟ್‌ನ ಮನಿಯಾವ
ಬನಹಟ್ಟಿ, ಬಾಗಲಕೋಟ ಜಿಲ್ಲಾ